ಹೊಸ ಕಾರು, ಮೀಟರ್‌ನಲ್ಲಿ 212 ಕಿಲೋಮೀಟರ್

ಕಾರು ಮನೆಗೆ ಬಂದು ಇವತ್ತಿಗೆ ನಾಲ್ಕು ದಿನ. ಬರಬೇಕಾಗಿದ್ದದ್ದು ಮೂರು ವಾರ ಮೊದಲೇ. ಆ ಮೂರು ವಾರ ಏನು ಮಾಡುತ್ತಿದ್ದೆ ಅಂತ ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಒಂದು ಸಲ ಕೂತು ಬರೆದುಬಿಟ್ಟರೆ ಮುಗಿಯಿತು ಅನಿಸಿತು. ನಿಮ್ಮಲ್ಲಿ ಯಾರಾದರೂ ಕಾರು ಬುಕ್ ಮಾಡಿ ಕಾಯುತ್ತಿದ್ದರೆ, ನನಗೆ ಬಂದ ತಲೆನೋವಿನಲ್ಲಿ ಅರ್ಧವಾದರೂ ನಿಮಗೆ ತಪ್ಪಬಹುದು.

ಬುಕಿಂಗ್ ಕಥೆಯನ್ನು ಎಳೆಯುವುದಿಲ್ಲ. ಏಳು ವಾರ ಅಂದಿದ್ದರು, ಹನ್ನೊಂದು ವಾರ ಆಯಿತು. ಪ್ರತಿ ಸೋಮವಾರ ಫೋನ್ ಮಾಡುತ್ತಿದ್ದೆ, ಪ್ರತಿ ಸೋಮವಾರವೂ "ಮುಂದಿನ ವಾರ ಪಕ್ಕಾ" ಅನ್ನುತ್ತಿದ್ದರು. ಒಂದು ಬುಧವಾರ ಅವರೇ ಫೋನ್ ಮಾಡಿದರು. ಕಾರು ಬಂದಿದೆ, ಚಾಸಿಸ್ ನಂಬರ್ (ಆ ಒಂದು ಕಾರಿಗೇ ಮೀಸಲಾದ ಗುರುತಿನ ನಂಬರ್) ಕಳಿಸಿದ್ದೇವೆ, ಬಾಕಿ ಹಣ ಬಂದರೆ ವಾರದೊಳಗೆ ರಿಜಿಸ್ಟ್ರೇಷನ್ ಮುಗಿಸಿ ಕೀ ಕೊಡುತ್ತೇವೆ ಅಂದರು. ಕಾದು ಕಾದು ಸುಸ್ತಾದವರಿಗೆ ಇಂಥ ಮಾತು ಕೇಳಿದರೆ ತಲೆ ಓಡುವುದಿಲ್ಲ. ನನಗೂ ಓಡಲಿಲ್ಲ. ಅವತ್ತೇ ಬ್ಯಾಂಕಿಗೆ ತಿಳಿಸಿದೆ. ಶುಕ್ರವಾರ ಸಾಲದ ಹಣ ನೇರವಾಗಿ ಡೀಲರ್ ಖಾತೆಗೆ ಹೋಯಿತು. ನನ್ನ ಹೆಸರಿಗೆ ಇನ್‌ವಾಯ್ಸ್ ಬಂತು, ಇನ್ಶೂರೆನ್ಸ್ ಪಾಲಿಸಿಯೂ ಬಂತು. ಎರಡರಲ್ಲೂ ಅದೇ ಚಾಸಿಸ್ ನಂಬರ್. ಕಾರನ್ನು ಮಾತ್ರ ನಾನಿನ್ನೂ ಕಣ್ಣಲ್ಲಿ ನೋಡಿರಲಿಲ್ಲ.

ನಾನು ಮಾಡಿದ ದೊಡ್ಡ ತಪ್ಪು ಇದೇ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಚಾಸಿಸ್ ನಂಬರ್ ಬಂದ ದಿನ ಡೀಲರ್ ಕಾರು ನಿಲ್ಲಿಸುವ ಯಾರ್ಡಿಗೆ ಹೋಗಿ. ಕಾರು ನೋಡಿ, ಮೀಟರ್ ನೋಡಿ, ಆಮೇಲೆ ಹಣ. ಹಣ ಹೋದ ಮೇಲೆ ಕಾರು ನೋಡಿದರೆ ನಿಮ್ಮ ಮಾತಿನ ತೂಕ ಅರ್ಧಕ್ಕರ್ಧ ಇಳಿದಿರುತ್ತದೆ.

ಶನಿವಾರ ಮಧ್ಯಾಹ್ನ ಯಾರ್ಡಿಗೆ ಹೋದೆ. ಸಾಲಾಗಿ ನಿಂತ ಕಾರುಗಳಲ್ಲಿ ನನ್ನದು ಎರಡನೇ ಸಾಲಿನ ಕೊನೆಯಲ್ಲಿತ್ತು. ಮೈತುಂಬ ಧೂಳು. ಸೀಟಿಗೆ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. ಹೊಸ ಕಾರಿನ ವಾಸನೆ ಮೂಗಿಗೆ ಬಡಿಯಿತು. ಸೀಟಿನಲ್ಲಿ ಕೂತು, ಖುಷಿಯಿಂದ ಸ್ಟಾರ್ಟ್ ಬಟನ್ ಒತ್ತಿದೆ. ಡಿಸ್‌ಪ್ಲೇ ಬೆಳಗಿತು. ಕೆಳಗಡೆ ಸಣ್ಣ ಅಕ್ಷರದಲ್ಲಿ 212 ಕಿ.ಮೀ. ಅಂತ ಇತ್ತು.

ಮೊದಲು ಅದು ಪೆಟ್ರೋಲ್ ಎಷ್ಟು ದೂರಕ್ಕೆ ಸಾಕು ಅನ್ನುವ ಲೆಕ್ಕ ಇರಬೇಕು ಅಂದುಕೊಂಡೆ. ಇನ್ನೊಂದು ಸಲ ನೋಡಿದೆ. ಓಡೋಮೀಟರೇ, ಅಂದರೆ ಕಾರು ಇಲ್ಲಿಯವರೆಗೆ ಒಟ್ಟು ಓಡಿದ ದೂರ.

ಜೊತೆಗೆ ಬಂದಿದ್ದ ಸೇಲ್ಸ್ ಹುಡುಗನಿಗೆ ತೋರಿಸಿದೆ. "ಎಲ್ಲಾ ಹೊಸ ಕಾರಲ್ಲೂ ಸ್ವಲ್ಪ ಇದ್ದೇ ಇರುತ್ತದೆ ಸರ್, ಫ್ಯಾಕ್ಟರಿ ಟೆಸ್ಟಿಂಗ್" ಅಂದ. ಹೇಳುವಾಗ ಅವನು ನನ್ನ ಮುಖ ನೋಡುತ್ತಿರಲಿಲ್ಲ, ಮೀಟರ್ ನೋಡುತ್ತಿದ್ದ. ಅವನಿಗೂ ಅದು ಹೊಸ ಸುದ್ದಿ ಅಂತ ನನಗೆ ಅನುಮಾನ.

ಅವತ್ತು ಮನೆಗೆ ಬಂದ ಮೇಲೆ ನನ್ನ ಮನಸ್ಸಿನ ಸ್ಥಿತಿ ಹೇಳಿಕೊಳ್ಳಲು ನಾಚಿಕೆ. 212 ಕಿಲೋಮೀಟರ್ ಅಂದರೆ ಏನು ಮಹಾ? ಎರಡು ಭಾನುವಾರ ಸುತ್ತಾಡಿದರೆ ಅಷ್ಟಾಗುತ್ತದೆ. ಆದರೂ ಅಂಗಡಿಯಿಂದ ತಂದ ಹೊಸ ಅಂಗಿಯ ಜೇಬಿನಲ್ಲಿ ಬೇರೆ ಯಾರದೋ ಬಸ್ ಟಿಕೆಟ್ ಸಿಕ್ಕ ಹಾಗೆ ಆಗಿತ್ತು. ಅಂಗಿ ಹರಿದಿಲ್ಲ, ಕೊಳೆಯಾಗಿಲ್ಲ. ಆದರೂ ಹೊಸದು ಅಂತ ಅನಿಸುವುದಿಲ್ಲ. ಮನೆಯವರು "ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ" ಅಂದರು. ರಾತ್ರಿ ಒಂದು ಗಂಟೆಯವರೆಗೆ ಕೆಡಿಸಿಕೊಂಡೇ ಇದ್ದೆ.

ಭಾನುವಾರ ಪೂರ್ತಿ ಓದಿದೆ, ತಿಳಿದವರನ್ನು ಕೇಳಿದೆ. ಹೊಸ ಕಾರಿನ ಮೀಟರ್ ಸಾಮಾನ್ಯವಾಗಿ ಸೊನ್ನೆಯಲ್ಲಿ ಇರುವುದಿಲ್ಲ. ಜೋಡಣೆ ಮುಗಿದ ಕಾರನ್ನು ಫ್ಯಾಕ್ಟರಿಯಲ್ಲೇ ರೋಲರ್‌ಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಬ್ರೇಕು, ಗೇರು, ಎಬಿಎಸ್ ಎಲ್ಲ ಅಲ್ಲೇ ಪರೀಕ್ಷೆ. ಎಷ್ಟೋ ಕಡೆ ಆಮೇಲೆ ಉಬ್ಬು ತಗ್ಗಿನ ಸಣ್ಣ ಟ್ರ್ಯಾಕಿನಲ್ಲಿ ಒಂದೆರಡು ಸುತ್ತು ಹಾಕಿಸಿ ಕಟಕಟ ಸದ್ದು ಬರುತ್ತದಾ ಅಂತ ಕೇಳುತ್ತಾರೆ. ಆಗೊಮ್ಮೆ ಈಗೊಮ್ಮೆ ಒಂದು ಕಾರನ್ನು ಗುಣಮಟ್ಟ ತಪಾಸಣೆಗೆ ಅಂತ ಆರಿಸಿ ಸ್ವಲ್ಪ ಜಾಸ್ತಿ ದೂರವೇ ಓಡಿಸುವುದುಂಟು. ಅಲ್ಲಿಂದ ಫ್ಯಾಕ್ಟರಿ ಯಾರ್ಡಿಗೆ, ಯಾರ್ಡಿನಿಂದ ಲಾರಿಗೆ ಅಥವಾ ರೈಲಿಗೆ, ಸಮುದ್ರ ದಾಟುವುದಾದರೆ ಹಡಗಿಗೆ. ಹತ್ತಿಸುವಾಗ ನೂರು ಮೀಟರ್, ಇಳಿಸುವಾಗ ನೂರು ಮೀಟರ್. ಆಮೇಲೆ ಡೀಲರ್ ಯಾರ್ಡ್, ವರ್ಕ್‌ಶಾಪು, ಪೆಟ್ರೋಲ್ ಬಂಕು, ತೊಳೆಯುವ ಜಾಗ. ಹಸ್ತಾಂತರಕ್ಕೆ ಮುಂಚಿನ ತಪಾಸಣೆ, ಅಂದರೆ ಅವರು ಪಿಡಿಐ ಅನ್ನುವುದು, ಅದರಲ್ಲೂ ಒಂದು ಸಣ್ಣ ರೋಡ್ ಟೆಸ್ಟ್ ಇರುತ್ತದೆ. ಇದೆಲ್ಲ ಸೇರಿದರೂ ಹೆಚ್ಚಿನ ಕಾರುಗಳಲ್ಲಿ ಅಂಕಿ ಎರಡಂಕಿ ದಾಟುವುದಿಲ್ಲ.

ಒಂದು ವಿಷಯ ನನಗೆ ಮೊದಲು ಹೊಳೆದಿರಲಿಲ್ಲ. ಲಾರಿಯ ಮೇಲೆ ಕೂತು ಕಾರು ಎರಡು ಸಾವಿರ ಕಿಲೋಮೀಟರ್ ಬಂದರೂ ಮೀಟರ್ ಒಂದಂಕಿಯೂ ಏರುವುದಿಲ್ಲ. ಈಗಿನ ಕಾರುಗಳಲ್ಲಿ ಚಕ್ರದ ಅಥವಾ ಗೇರ್‌ಬಾಕ್ಸಿನ ಸೆನ್ಸರ್ ಲೆಕ್ಕ ಇಡುತ್ತದೆ. ಚಕ್ರ ತಿರುಗಿದರೆ ಮಾತ್ರ ಕಿಲೋಮೀಟರ್. ಹಾಗಾಗಿ "ಅಷ್ಟು ದೂರದಿಂದ ಬಂದಿದೆ ಅಲ್ವಾ ಸರ್" ಅನ್ನುವ ಮಾತಿಗೆ ಬೆಲೆಯೇ ಇಲ್ಲ. ನನಗೂ ಒಬ್ಬರು ಹಾಗೆ ಹೇಳಿ ನೋಡಿದರು. ಬಸ್ಸು, ಲಾರಿಗಳ ಕಥೆ ಬೇರೆ. ಅವುಗಳ ಚಾಸಿಗಳನ್ನು ಎಷ್ಟೋ ಸಲ ಚಾಲಕರು ಓಡಿಸಿಕೊಂಡೇ ತರುತ್ತಾರೆ, ಅಲ್ಲಿ ಮೀಟರ್‌ನಲ್ಲಿ ನೂರಾರು ಕಿಲೋಮೀಟರ್ ಇದ್ದರೆ ಯಾರೂ ಹುಬ್ಬೇರಿಸುವುದಿಲ್ಲ.

ಸೋಮವಾರ ಮತ್ತೆ ಹೋದೆ. ಈ ಸಲ ಮ್ಯಾನೇಜರ್ ಸಿಕ್ಕರು. ಹೋಗುವ ಮುಂಚೆಯೇ ಫೋನ್ ಮಾಡಿ, ರಿಜಿಸ್ಟ್ರೇಷನ್‌ಗೆ ಕಾಗದ ಹಾಕಬೇಡಿ ಅಂತ ಹೇಳಿದ್ದೆ. ಅದನ್ನೇ ಒಂದು ಸಾಲಿನ ಇಮೇಲ್ ಕೂಡ ಮಾಡಿದ್ದೆ. ಆ ಒಂದು ಸಾಲು ಆಮೇಲೆ ನನ್ನನ್ನು ಉಳಿಸಿತು. ನಿಮ್ಮ ಹೆಸರಿಗೆ ನೋಂದಣಿ ಆಗಿಬಿಟ್ಟರೆ ಕಾರು ನಿಮ್ಮದು. ಆಮೇಲೆ ವಾಪಸ್ ಕೊಡುವ ಮಾತು ಬಹಳ ಕಷ್ಟ, ಯಾಕೆಂದರೆ ಅದು ಅವರ ಪಾಲಿಗೆ ಸೆಕೆಂಡ್ ಹ್ಯಾಂಡ್ ಗಾಡಿಯಾಗಿರುತ್ತದೆ.

ಮ್ಯಾನೇಜರ್ ಹೇಳಿದ್ದು ಬೇರೆಯೇ ಉತ್ತರ. "ಅದು ಪಿಡಿಐ ರೋಡ್ ಟೆಸ್ಟ್. ನಾವು ಬಹಳ ಕಟ್ಟುನಿಟ್ಟು." ಇನ್ನೂರು ಕಿಲೋಮೀಟರ್ ರೋಡ್ ಟೆಸ್ಟಾ ಅಂತ ಕೇಳಿದೆ. ಅವರು ನಕ್ಕರು, ನಾನು ನಗಲಿಲ್ಲ. ಪಿಡಿಐ ಚೆಕ್‌ಲಿಸ್ಟ್ ತೋರಿಸಿ ಅಂದೆ. ಹತ್ತು ನಿಮಿಷ ಹುಡುಕಿ ತಂದರು. ಆ ಹಾಳೆಯಲ್ಲಿ ಮೀಟರ್ ರೀಡಿಂಗ್ ಬರೆಯುವ ಚೌಕ ಖಾಲಿ ಇತ್ತು. ಟೈರ್ ಗಾಳಿ, ಬ್ಯಾಟರಿ ವೋಲ್ಟೇಜ್, ಎಲ್ಲದರ ಮುಂದೆಯೂ ಒಂದೇ ಪೆನ್ನಿನಲ್ಲಿ ಒಂದೇ ಅಳತೆಯ ಟಿಕ್ ಗುರುತು. ಯಾರೋ ಕುರ್ಚಿ ಮೇಲೆ ಕೂತು ಮಾಡಿದ ತಪಾಸಣೆ.

ಆಗ ನಾನು ಯಾರ್ಡಿಗೆ ಹೋಗಿ ಕಾರಿನಲ್ಲಿ ಕೂತು, ಸ್ಟೀರಿಂಗ್ ಮೇಲಿನ ಬಟನ್ ಒಂದೊಂದಾಗಿ ಒತ್ತುತ್ತಾ ಹೋದೆ. ಸಿಟ್ಟಿಗೆ ಒತ್ತಿದ್ದು ಅಷ್ಟೇ, ಅದರಲ್ಲಿ ಜಾಣತನ ಏನೂ ಇರಲಿಲ್ಲ. ಒಂದೊಂದು ಪ್ರಯಾಣದ ದೂರ ಅಳೆಯಲು, ಬೇಕೆಂದಾಗ ಸೊನ್ನೆ ಮಾಡಬಹುದಾದ ಟ್ರಿಪ್ ಮೀಟರ್ ಎರಡಿದ್ದವು. ಟ್ರಿಪ್ ಎ ಸೊನ್ನೆ. ಟ್ರಿಪ್ ಬಿ ಬಂತು. 171.4 ಕಿ.ಮೀ. ಓಡಿದ ಸಮಯ 3 ಗಂಟೆ 10 ನಿಮಿಷ. ಸರಾಸರಿ ವೇಗ ಗಂಟೆಗೆ 54.

ಯಾರೋ ಟ್ರಿಪ್ ಎ ಅಳಿಸಿದ್ದರು, ಬಿ ಮರೆತಿದ್ದರು.

ಈ 54 ಅನ್ನುವುದು ಬಹಳ ಮಾತಾಡುತ್ತದೆ. ಹತ್ತಾರು ಜನಕ್ಕೆ ಊರೊಳಗೆ ಟೆಸ್ಟ್ ಡ್ರೈವ್ ಕೊಟ್ಟಿದ್ದರೆ, ಎಂಜಿನ್ ಆನ್ ಇಟ್ಟು ನಿಲ್ಲಿಸಿ, ಹೊರಟು, ಮತ್ತೆ ನಿಲ್ಲಿಸಿ, ಸರಾಸರಿ ಇಪ್ಪತ್ತರ ಆಸುಪಾಸಿಗೆ ಇಳಿದುಬಿಡುತ್ತಿತ್ತು. ಇದು ಒಂದೇ ಉಸಿರಿಗೆ ಹೈವೇಯಲ್ಲಿ ಓಡಿದ ಕಾರಿನ ಲೆಕ್ಕ. ಬಂಪರಿನ ಕೆಳಭಾಗ ನೋಡಿದೆ. ಧೂಳಿನಡಿ ಒಣಗಿ ಅಂಟಿದ ಹುಳುಗಳು. ನಂಬರ್ ಪ್ಲೇಟ್ ಕೂರುವ ಜಾಗದ ಪಕ್ಕದಲ್ಲೂ ಹುಳುಗಳು. ಯಾರ್ಡಿನಲ್ಲಿ ನಿಂತ ಕಾರಿಗೆ ಹುಳ ಹಾಗೆ ಬಂದು ಬಡಿಯುವುದಿಲ್ಲ ಅಲ್ವಾ? ಟ್ರಿಪ್ ಬಿ, ಹುಳು, ಮೀಟರ್ ಎಲ್ಲದರ ಫೋಟೋ ತೆಗೆದುಕೊಂಡೆ. ಮೀಟರ್ ಫೋಟೋ ತೆಗೆಯುವಾಗ ದಿನಾಂಕವೂ ಅದರಲ್ಲೇ ಬರುವ ಹಾಗೆ ತೆಗೆಯಿರಿ. ಒಂದು ಫೋಟೋದಲ್ಲಿ ಗಾಜಿನ ಕೆಳಗಿನ ಚಾಸಿಸ್ ನಂಬರೂ ಇರಲಿ. ಇಲ್ಲದಿದ್ದರೆ "ಅದು ಬೇರೆ ಕಾರಿನದು" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ.

ಡೀಲರ್‌ಗೆ ಏನೂ ಹೇಳದೆ ಮನೆಗೆ ಬಂದು ಕಾರು ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಕೇಳಿದ್ದು ಮೂರೇ ಪ್ರಶ್ನೆ. ಈ ಚಾಸಿಸ್ ನಂಬರಿನ ಕಾರು ತಯಾರಾಗಿದ್ದು ಯಾವಾಗ, ಯಾರಿಗೆ ಕಳಿಸಿದ್ದು, ವಾರಂಟಿ ಶುರುವಾಗಿದೆಯೋ ಇಲ್ಲವೋ. ಉತ್ತರಕ್ಕೆ ಎರಡು ದಿನ ಕಾಯಬೇಕು ಅಂದರು. ಎರಡು ದಿನ ನಾಲ್ಕಾಯಿತು. ಈ ನಾಲ್ಕು ದಿನ ಬಹಳ ಕೆಟ್ಟದಾಗಿದ್ದವು. ಗ್ರಾಹಕರಿಗೆ ಓಡಿಸಿ ನೋಡಲು ಕೊಡುವ ಡೆಮೋ ಕಾರಾಗಿದ್ದರೆ? ಯಾರಿಗೋ ಮಾರಿ ಅವರು ಬೇಡ ಅಂತ ವಾಪಸ್ ಕೊಟ್ಟಿದ್ದರೆ? ಎಲ್ಲೋ ಗುದ್ದಿಸಿ ಬಣ್ಣ ಹೊಡೆಸಿದ್ದರೆ? ಸಾಲದ ಬಡ್ಡಿ ಬೇರೆ ಓಡುತ್ತಿತ್ತು. ಮೊದಲ ಕಂತಿನ ದಿನಾಂಕವೂ ಫೋನಿಗೆ ಬಂತು. ಇಲ್ಲದ ಕಾರಿಗೆ ಕಂತು.

ವಾರಂಟಿ ಪ್ರಶ್ನೆ ಯಾಕೆ ಮುಖ್ಯ ಅಂದರೆ, ಕಿಲೋಮೀಟರ್‌ಗಿಂತ ದಿನಾಂಕ ದೊಡ್ಡದು. ಡೆಮೋ ಅಂತ ಡೀಲರ್ ತಮ್ಮ ಹೆಸರಿಗೆ ಒಮ್ಮೆ ನೋಂದಣಿ ಮಾಡಿಸಿದ್ದರೆ ವಾರಂಟಿ ಅವತ್ತಿನಿಂದಲೇ ಸವೆಯಲು ಶುರುವಾಗಿರಬಹುದು, ಮತ್ತು ಕಾಗದದ ಮೇಲೆ ನೀವು ಎರಡನೇ ಮಾಲೀಕರು. ಮೀಟರ್‌ನಲ್ಲಿ 300 ಇದ್ದರೂ, 3 ಸಾವಿರ ಇದ್ದರೂ ಅಷ್ಟೇ. ಹಾಗೆ ಇರುವ ಕಾರು ತಗೊಳ್ಳುವುದು ತಪ್ಪೇನಲ್ಲ, ಕಡಿಮೆ ಬೆಲೆಗೆ ಸಿಕ್ಕರೆ ಒಳ್ಳೆಯ ವ್ಯಾಪಾರವೇ. ಆದರೆ ಗೊತ್ತಿದ್ದು ತಗೊಳ್ಳಬೇಕು.

ಐದನೇ ದಿನ ಫೋನ್ ಬಂತು. ವಾರಂಟಿ ಶುರುವಾಗಿಲ್ಲ, ಮಾರಾಟ ದಾಖಲಾಗಿಲ್ಲ. ಕಾರು ತಯಾರಾಗಿ ಏಳು ವಾರ. ಅಬ್ಬಾ ಅಂತ ಉಸಿರು ಬಿಡುವಷ್ಟರಲ್ಲಿ ಆ ಕಡೆಯ ಹೆಣ್ಣುಮಗಳು, "ಆದರೆ ಈ ಕಾರು ನೀವು ಹೇಳಿದ ಡೀಲರ್‌ಗೆ ಕಳಿಸಿದ್ದಲ್ಲ, ಬೇರೆ ಊರಿನ ಡೀಲರ್‌ಗೆ ಕಳಿಸಿದ್ದು" ಅಂದರು.

ಗಂಟು ಬಿಚ್ಚಿತು. ನನ್ನ ಬಣ್ಣ, ನನ್ನ ಮಾದರಿ ಇವರ ಬಳಿ ಇರಲಿಲ್ಲ. ನಾನು ಪ್ರತಿ ಸೋಮವಾರ ಫೋನ್ ಮಾಡಿ ಪೀಡಿಸುತ್ತಿದ್ದೆ. ಇನ್ನೊಬ್ಬ ಡೀಲರ್ ಹತ್ತಿರ ಅದು ಇತ್ತು. ಅದಲು ಬದಲು ಮಾಡಿಕೊಂಡರು. ಡೀಲರ್‌ಗಳ ನಡುವೆ ಇದು ದಿನನಿತ್ಯದ ವ್ಯವಹಾರ, ತಪ್ಪೂ ಅಲ್ಲ. ಒಂದೇ ಕಾರಿಗೆ ಲಾರಿ ಮಾಡುವುದು ದುಬಾರಿ ಅಂತ ಚಾಲಕನನ್ನು ಕಳಿಸಿ ಓಡಿಸಿಕೊಂಡು ಬಂದರು. ನನ್ನನ್ನು ಕೇಳಲಿಲ್ಲ, ಹೇಳಲೂ ಇಲ್ಲ. ತಪ್ಪು ಅಲ್ಲಿರುವುದು.

ಮತ್ತೆ ಹೋದೆ. ಫೋಟೋ ಮೇಜಿನ ಮೇಲಿಟ್ಟೆ. ಮ್ಯಾನೇಜರ್ ಬಹಳ ಹೊತ್ತು ಟ್ರಿಪ್ ಬಿ ನೋಡಿದರು. ಆಮೇಲೆ ಒಪ್ಪಿಕೊಂಡರು. ಕಾರು ಓಡಿಸಿ ತಂದ ಚಾಲಕನನ್ನೂ ಕರೆಸಿದರು. ಪಾಪ, ಅವನದೇನು ತಪ್ಪು. "ಮೆತ್ತಗೆ ತಂದೆ ಸರ್. ಎಂಬತ್ತು ದಾಟಿಸಲಿಲ್ಲ. ಹಾಡೂ ಹಾಕಲಿಲ್ಲ" ಅಂದ. ನಾನು ಆಮೇಲೆ ಕಾರಿನ ಬ್ಲೂಟೂತ್ ಪಟ್ಟಿ ತೆರೆದು ನೋಡಿದರೆ ಒಂದು ಫೋನ್ ಜೋಡಿಸಿದ ಗುರುತು ಹಾಗೇ ಇತ್ತು. ಹಾಡಿನ ವಿಷಯದಲ್ಲಿ ಸುಳ್ಳು ಹೇಳಿದ್ದ. ಎಂಬತ್ತರ ವಿಷಯದಲ್ಲಿ ನಿಜ ಹೇಳಿದ್ದ ಅಂತ ನಂಬಿಕೊಂಡಿದ್ದೇನೆ. ಬ್ಲೂಟೂತ್ ಪಟ್ಟಿ, ನ್ಯಾವಿಗೇಷನ್‌ನಲ್ಲಿ ಕೊನೆಯ ಜಾಗ, ರೇಡಿಯೋದಲ್ಲಿ ಉಳಿಸಿದ ಚಾನೆಲ್, ಇವನ್ನೆಲ್ಲ ಒಮ್ಮೆ ನೋಡಿ. ಮೀಟರ್ ಹೇಳದ್ದನ್ನು ಅವು ಹೇಳುತ್ತವೆ.

ಆ ಓಟ ಎಂಜಿನ್‌ಗೆ ಎಷ್ಟು ಕೆಡುಕು? ಇದನ್ನು ಇಬ್ಬರು ಮೆಕ್ಯಾನಿಕ್‌ಗಳನ್ನು ಕೇಳಿದೆ. ಹೊಸ ಎಂಜಿನ್‌ನ ಮೊದಲ ಸಾವಿರ ಕಿಲೋಮೀಟರ್ ಆಸುಪಾಸು ಜೋರಾಗಿ ರೇಸ್ ಮಾಡಬೇಡಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ಭಾರ ಎಳೆಯಬೇಡಿ ಅಂತ ಎಷ್ಟೋ ಮ್ಯಾನುವಲ್‌ಗಳು ಹೇಳುತ್ತವೆ. ಹೊಸ ಬ್ರೇಕ್ ಪ್ಯಾಡು, ಹೊಸ ಟೈರು ಕೂಡ ಪೂರ್ತಿ ಹಿಡಿತ ಕೊಡಲು ಕೆಲವು ನೂರು ಕಿಲೋಮೀಟರ್ ಬೇಕು. ಹಾಗಾಗಿ ಮೊದಲ ಓಟವನ್ನು ಮಾಲೀಕನೇ ಜೋಪಾನವಾಗಿ ಓಡಿಸುವುದು ಒಳ್ಳೆಯದು, ಅದು ನಿಜ. ಆದರೆ ಒಂದು ಸಾಧಾರಣ ಹೈವೇ ಪ್ರಯಾಣದಿಂದ ಈಗಿನ ಎಂಜಿನ್ ಹಾಳಾಗುವುದಿಲ್ಲ ಅಂತ ಇಬ್ಬರೂ ಹೇಳಿದರು. ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿ, ಹತ್ತು ಮೀಟರ್ ಸರಿಸಿ, ಆಫ್ ಮಾಡಿ, ಹೀಗೆ ಯಾರ್ಡಿನಲ್ಲಿ ಐವತ್ತು ಸಲ ಮಾಡುವುದು ಇದಕ್ಕಿಂತ ಒಳ್ಳೆಯದೇನಲ್ಲ ಅಂದರು. ಅದು ಮೀಟರ್‌ನಲ್ಲಿ ಅರ್ಧ ಕಿಲೋಮೀಟರ್ ಮಾತ್ರ ತೋರಿಸುತ್ತದೆ.

ಈಗ ಬಂತು ನಿಜವಾದ ಇಕ್ಕಟ್ಟು. ಮ್ಯಾನೇಜರ್ ಎರಡು ದಾರಿ ಕೊಟ್ಟರು. ಇದೇ ಕಾರು ತಗೊಳ್ಳಿ, ಇಲ್ಲವಾದರೆ ಇನ್ನೊಂದು ಇದೆ, ಅದೇ ಮಾದರಿ, ಮೀಟರ್‌ನಲ್ಲಿ ಬರೀ 11 ಕಿಲೋಮೀಟರ್. ಬಣ್ಣ ಬೇರೆ, ಆದರೂ ನನಗೆ ಇಷ್ಟವಾಗುವ ಬಣ್ಣವೇ. ಹನ್ನೊಂದು ಅನ್ನುವ ಅಂಕಿ ಕೇಳಿಯೇ ಮನಸ್ಸು ಅತ್ತ ಜಾರಿತು. ಅಲ್ಲೇ ಹೂಂ ಅಂದುಬಿಡುತ್ತಿದ್ದೆ. ಏನೋ, ಅವತ್ತು ತಡೆದುಕೊಂಡೆ.

ಮರುದಿನ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದೆ. ಅವರಿಗೆ ಕೊಟ್ಟ ಕೂಲಿ ಈ ಇಡೀ ವ್ಯವಹಾರದಲ್ಲಿ ನಾನು ಖರ್ಚು ಮಾಡಿದ ಅತಿ ಸಾರ್ಥಕ ಹಣ. ಅವರು ಮೀಟರ್ ಕಡೆ ನೋಡಲೇ ಇಲ್ಲ. ನೇರವಾಗಿ ಟೈರ್ ಹತ್ತಿರ ಕೂತರು. ಟೈರಿನ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡಂಕಿ ಟೈರು ತಯಾರಾದ ವಾರ, ಕೊನೆಯ ಎರಡಂಕಿ ವರ್ಷ. 1424 ಅಂದರೆ 2024ರ ಹದಿನಾಲ್ಕನೇ ವಾರ. ಸಾಲಿನ ಕೊನೆ ಕೆಲವು ಟೈರುಗಳಲ್ಲಿ ಒಳಮುಖಕ್ಕೆ ಇರುತ್ತದೆ, ಬಗ್ಗಿ ಟಾರ್ಚ್ ಹಾಕಿ ನೋಡಬೇಕು. ಹನ್ನೊಂದು ಕಿಲೋಮೀಟರಿನ ಕಾರಿನ ನಾಲ್ಕು ಟೈರುಗಳೂ ತಯಾರಾಗಿ ಹತ್ತು ತಿಂಗಳು ದಾಟಿತ್ತು. ಬಾಗಿಲ ಕಂಬದ ಮೇಲಿನ ಫಲಕದಲ್ಲಿ ಕಾರು ತಯಾರಾದ ತಿಂಗಳೂ ಇತ್ತು. ಅಲ್ಲೂ ಹತ್ತು ತಿಂಗಳು. ಎಲ್ಲಾ ಕಾರಿನಲ್ಲೂ ತಿಂಗಳು ಬರೆದಿರುವುದಿಲ್ಲ. ಆಗ ಚಾಸಿಸ್ ನಂಬರ್ ಸಹಾಯಕ್ಕೆ ಬರುತ್ತದೆ. ಅದರಲ್ಲಿ 17 ಅಕ್ಷರ ಮತ್ತು ಅಂಕಿ, ಹತ್ತನೆಯದು ಹಲವು ಕಂಪನಿಗಳಲ್ಲಿ ಮಾದರಿ ವರ್ಷ ಸೂಚಿಸುತ್ತದೆ. ಮಾದರಿ ವರ್ಷವೂ ತಯಾರಾದ ವರ್ಷವೂ ಯಾವಾಗಲೂ ಒಂದೇ ಅಲ್ಲ, ಅದೊಂದು ನೆನಪಿರಲಿ.

ಹತ್ತು ತಿಂಗಳು ಬಿಸಿಲಲ್ಲಿ, ಮಳೆಯಲ್ಲಿ ನಿಂತ ಕಾರು. ಮೆಕ್ಯಾನಿಕ್ ಬ್ಯಾಟರಿಗೆ ಮೀಟರ್ ಹಿಡಿದರು. 11.9 ವೋಲ್ಟ್. ಪೂರ್ತಿ ಚಾರ್ಜ್ ಆಗಿ ಸುಮ್ನೆ ನಿಂತ ಬ್ಯಾಟರಿ 12.6 ಆಸುಪಾಸು ತೋರಿಸಬೇಕು, 12ಕ್ಕಿಂತ ಕೆಳಗೆ ಅಂದರೆ ಖಾಲಿಯಾದ ಹಾಗೆ. ಹಾಗೆ ಖಾಲಿಯಾಗಿ ವಾರಗಟ್ಟಲೆ ಬಿದ್ದ ಬ್ಯಾಟರಿ ಮತ್ತೆ ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರುವುದಿಲ್ಲ. ಬ್ರೇಕ್ ಡಿಸ್ಕ್ ಮೇಲೆ ದಪ್ಪ ತುಕ್ಕು. ತೆಳ್ಳಗಿನ ಕಂದು ತುಕ್ಕಾಗಿದ್ದರೆ ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ, ಇದು ಪ್ಯಾಡಿನ ಆಕಾರದಲ್ಲೇ ಅಚ್ಚೊತ್ತಿತ್ತು. ವೈಪರ್ ರಬ್ಬರ್ ಗಟ್ಟಿಯಾಗಿತ್ತು. ಒಂದೇ ಕಡೆ ಭಾರ ಬಿದ್ದು ನಿಂತ ಟೈರುಗಳು ಓಡಿಸುವಾಗ ಮೊದಲು ದಡದಡ ಅನ್ನಬಹುದು ಅಂದರು. ಹೆಚ್ಚಿನ ಸಲ ಬಿಸಿಯಾದ ಮೇಲೆ ಸರಿಹೋಗುತ್ತದೆ, ಕೆಲವೊಮ್ಮೆ ಹೋಗುವುದಿಲ್ಲ.

ಎಂಜಿನ್ ಇಲ್ಲದ ಎಲೆಕ್ಟ್ರಿಕ್ ಕಾರು ತಗೊಳ್ಳುವವರಿಗೂ ಇದೇ ಮಾತು. ದೊಡ್ಡ ಬ್ಯಾಟರಿ ತಿಂಗಳುಗಟ್ಟಲೆ ಪೂರ್ತಿ ತುಂಬಿಯೋ ಪೂರ್ತಿ ಖಾಲಿಯಾಗಿಯೋ ನಿಂತಿದ್ದರೆ ಒಳ್ಳೆಯದಲ್ಲ. ಎಷ್ಟು ಚಾರ್ಜ್‌ನಲ್ಲಿ ಇಟ್ಟಿದ್ದರು ಅಂತ ಕೇಳಿ.

ಆಮೇಲೆ ನನ್ನ ಕಾರಿಗೆ ಬಂದರು. ಟೈರುಗಳು ಮೂರು ತಿಂಗಳ ಹಿಂದಿನವು, ಬ್ಯಾಟರಿ 12.5. ಒಬಿಡಿ ಪೋರ್ಟಿಗೆ, ಅಂದರೆ ಕಾರಿನ ಕಂಪ್ಯೂಟರ್ ಓದಲು ಇರುವ ಕಿಂಡಿಗೆ, ಸ್ಕ್ಯಾನರ್ ಹಾಕಿದರು. ಕಾರು ಓಡಿದ ದೂರವನ್ನು ಈಗಿನ ಎಷ್ಟೋ ಮಾದರಿಗಳಲ್ಲಿ ಮೀಟರ್ ಒಂದೇ ಅಲ್ಲ, ಬೇರೆ ಕಂಪ್ಯೂಟರ್‌ಗಳೂ ನೆನಪಿಟ್ಟುಕೊಂಡಿರುತ್ತವೆ. ಅವೂ 212 ಅಂದವು. ಹಳೆಯ ದೋಷದ ಕೋಡ್ ಒಂದೇ ಇತ್ತು, 9 ಕಿಲೋಮೀಟರ್ ಆಗಿದ್ದಾಗ ವೋಲ್ಟೇಜ್ ಕಡಿಮೆಯಾಗಿದ್ದು. ಫ್ಯಾಕ್ಟರಿ ಯಾರ್ಡಿನಲ್ಲೇ ಆಗಿರಬೇಕು, ಚಿಂತೆಯಿಲ್ಲ ಅಂದರು. ಬಣ್ಣದ ದಪ್ಪ ಅಳೆಯುವ ಸಾಧನ ಪ್ರತಿ ಬಾಗಿಲಿಗೆ, ಬಾನೆಟ್ಟಿಗೆ, ಛಾವಣಿಗೆ ಒತ್ತಿದರು. ಎಲ್ಲ ಕಡೆ 110ರಿಂದ 135 ಮೈಕ್ರಾನ್ ಒಳಗೆ. ಒಂದು ಕಡೆ ಮಾತ್ರ 250, 300 ಅಂತ ಬಂದರೆ ಅಲ್ಲಿ ಮತ್ತೆ ಬಣ್ಣ ಹೊಡೆದಿರಬಹುದು. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಸಾಮಾನ್ಯ ಸಾಧನ ಅಲ್ಲಿ ಕೆಲಸ ಮಾಡುವುದಿಲ್ಲ, ಕಣ್ಣಲ್ಲೇ ನೋಡಬೇಕು. ಬಂಪರಿನಲ್ಲಿ ಸಣ್ಣ ಕಲ್ಲು ಬಡಿದ ಎರಡು ಚುಕ್ಕೆ ಸಿಕ್ಕವು. ಸಾಸಿವೆಯಷ್ಟು. ನನಗೆ ಮಾತ್ರ ಅವು ಅವತ್ತು ನಾಣ್ಯದಷ್ಟು ಕಂಡವು.

"ನನಗಾದರೆ ಇದೇ ಇರಲಿ" ಅಂದರು ಮೆಕ್ಯಾನಿಕ್.

ಮೂರನೇ ದಾರಿಯೂ ಇತ್ತು. ಎಲ್ಲ ರದ್ದು ಮಾಡಿ ಹಣ ವಾಪಸ್ ಕೇಳುವುದು. ಅದನ್ನೂ ವಿಚಾರಿಸಿದೆ. ಇನ್‌ವಾಯ್ಸ್ ರದ್ದಾಗಬೇಕು, ಪಾಲಿಸಿ ರದ್ದಾಗಬೇಕು, ಡೀಲರ್ ಬ್ಯಾಂಕಿಗೆ ಹಣ ಹಿಂದಿರುಗಿಸಬೇಕು, ಬ್ಯಾಂಕು ಸಾಲ ಮುಚ್ಚಿ ಮತ್ತೆ ಹೊಸ ಅರ್ಜಿ ತೆರೆಯಬೇಕು. ಪ್ರತಿಯೊಂದಕ್ಕೂ ಒಂದು ಪತ್ರ, ಪ್ರತಿಯೊಂದಕ್ಕೂ ಒಂದು ವಾರ, ಈ ನಡುವಿನ ಬಡ್ಡಿ ಯಾರ ತಲೆಗೆ ಅನ್ನುವ ಜಗಳ ಬೇರೆ. ಆಮೇಲೆ ಹೊಸ ಕಾರಿಗೆ ಇನ್ನೊಂದು ಹನ್ನೊಂದು ವಾರ. ಕಾರು ಬದಲಿಸಿದರೂ ಚಾಸಿಸ್ ನಂಬರ್ ಬದಲಾಗುವುದರಿಂದ ಹೆಚ್ಚುಕಡಿಮೆ ಇದೇ ಸುತ್ತು. ಹಣ ಮೊದಲೇ ಕೊಡಬಾರದಿತ್ತು ಅಂದೆನಲ್ಲ, ಅದು ಇದಕ್ಕೇ.

ಹಾಗಾಗಿ 212ರ ಕಾರನ್ನೇ ತಗೊಳ್ಳುವುದು ಅಂತಾಯಿತು, ಷರತ್ತು ಹಾಕಿ. ಮ್ಯಾನೇಜರ್ ಮೊದಲು ಕೊಟ್ಟ ಪರಿಹಾರ ಏನು ಗೊತ್ತಾ? ಕಾಲೊರಸು ಮ್ಯಾಟ್. ಜೊತೆಗೆ ಒಂದು ಸುಗಂಧದ ಬಾಟಲಿ. ನಗು ಬಂತು. ನಾನು ಬಿಳಿ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಈ ಕಾರು ಇದಕ್ಕೆ ಮುಂಚೆ ಯಾರ ಹೆಸರಿಗೂ ನೋಂದಣಿಯಾಗಿಲ್ಲ, ಡೆಮೋ ಆಗಿ ಬಳಸಿಲ್ಲ, ಅಪಘಾತ ಅಥವಾ ಬಣ್ಣದ ಕೆಲಸ ಆಗಿಲ್ಲ ಅಂತ ಅವರ ಲೆಟರ್‌ಹೆಡ್‌ನಲ್ಲಿ ಬರೆದುಕೊಡಬೇಕು. 171 ಕಿಲೋಮೀಟರ್ ಇನ್ನೊಬ್ಬ ಡೀಲರ್‌ನಿಂದ ಓಡಿಸಿಕೊಂಡು ತಂದದ್ದು ಅಂತಲೂ ಅದರಲ್ಲೇ ಇರಬೇಕು. ಡೆಲಿವರಿ ಪತ್ರದಲ್ಲಿ ಮೀಟರ್ ರೀಡಿಂಗ್ ನಮೂದಾಗಬೇಕು. ವಾರಂಟಿ ಕೀ ಕೊಟ್ಟ ದಿನದಿಂದ ಶುರು. ತಡವಾದ ದಿನಗಳ ಬಡ್ಡಿ ಅವರದು. ಬೆಲೆಯಲ್ಲೂ ಕಡಿತ ಬೇಕು. ಪಿಡಿಐ ಇನ್ನೊಮ್ಮೆ, ನನ್ನ ಎದುರಿಗೆ.

ಕೊನೆಯದಕ್ಕೆ ಕೂಡಲೇ ಒಪ್ಪಿದರು. ಬೆಲೆ ಕಡಿತದ ಮಾತಿಗೆ "ಮೇಲಿನವರನ್ನು ಕೇಳಬೇಕು" ಅಂದರು. ಮೇಲಿನವರು ಎಷ್ಟು ಮೇಲಿದ್ದರೋ, ಉತ್ತರ ಇಳಿದು ಬರಲು ಆರು ದಿನ ಹಿಡಿಯಿತು. ಕೊನೆಗೆ ಕೇಳಿದ್ದರ ಅರ್ಧ ಸಿಕ್ಕಿತು, ಮತ್ತು ಮೊದಲ ಸರ್ವಿಸ್‌ಗೆ ಆಯಿಲ್ ಅವರ ಲೆಕ್ಕದಲ್ಲಿ. ಪತ್ರ ಬರೆದುಕೊಡುವುದಕ್ಕೆ ಮಾತ್ರ ಬಹಳ ಕಸಿವಿಸಿ ಮಾಡಿಕೊಂಡರು. ಮೊದಲ ಸಲ ಕೊಟ್ಟ ಪತ್ರದಲ್ಲಿ "ಕಾರು ಸಂಪೂರ್ಣ ಹೊಸದು" ಅಂತ ಒಂದೇ ಸಾಲಿತ್ತು. ವಾಪಸ್ ಕೊಟ್ಟೆ. ಎರಡನೇ ಸಲ ಚಾಸಿಸ್ ನಂಬರಿನಲ್ಲಿ ಒಂದು ಅಂಕಿ ತಪ್ಪು. ಮತ್ತೆ ವಾಪಸ್. ಮೂರನೆಯದು ಸರಿಯಿತ್ತು. ಅಂಥ ಪತ್ರ ಬಂದರೆ ಹದಿನೇಳು ಅಕ್ಷರವನ್ನೂ ಕಾರಿನ ಮೇಲಿನದರ ಜೊತೆ ಒಂದೊಂದಾಗಿ ತಾಳೆ ನೋಡಿ. ಐ, ಒ, ಕ್ಯೂ ಅಕ್ಷರಗಳು ಅದರಲ್ಲಿ ಬರುವುದಿಲ್ಲ, ಒಂದು, ಸೊನ್ನೆ ಜೊತೆ ಗೊಂದಲ ಆಗಬಾರದು ಅಂತ. ನನ್ನ ಪತ್ರದಲ್ಲಿ ಸೊನ್ನೆಯ ಜಾಗಕ್ಕೆ ಒ ಬಂದಿತ್ತು.

ರಿಜಿಸ್ಟ್ರೇಷನ್‌ಗೆ ಹೂಂ ಅಂದದ್ದು ಆ ಪತ್ರ ಕೈಗೆ ಬಂದ ಮೇಲೆ. ಅದಕ್ಕೆ ಇನ್ನೂ ನಾಲ್ಕು ದಿನ.

ಡೆಲಿವರಿ ದಿನ ಕಾರನ್ನು ತೊಳೆದು, ಹೊಳೆಯುವ ಹಾಗೆ ಮಾಡಿ ನಿಲ್ಲಿಸಿದ್ದರು. ರಿಬ್ಬನ್ ಕಟ್ಟಿದ್ದರು. ಎಲ್ಲರೂ ಫೋಟೋಗೆ ನಿಂತಿದ್ದರೆ ನಾನು ಮೊದಲು ಬಾಗಿಲು ತೆಗೆದು ಮೀಟರ್ ನೋಡಿದೆ. 216. ಸೇಲ್ಸ್ ಹುಡುಗ ಓಡಿ ಬಂದ. "ಬಂಕಿಗೆ ಹೋಗಿ ಬಂದಿದ್ದು ಸರ್, ನಾನೇ ಹೋಗಿದ್ದೆ, ಎರಡು ಕಿಲೋಮೀಟರ್ ಹೋಗೋದಕ್ಕೆ, ಎರಡು ಬರೋದಕ್ಕೆ. ಬೇಕಾದರೆ ಬಿಲ್ ಇದೆ" ಅಂತ ಒಂದೇ ಉಸಿರಿಗೆ ಹೇಳಿದ. ನಿಜಕ್ಕೂ ಬಿಲ್ ಜೇಬಿನಿಂದ ತೆಗೆದ. ಅವನ ಮುಖ ನೋಡಿ ಪಾಪ ಅನಿಸಿತು. ಡೆಲಿವರಿ ಪತ್ರದಲ್ಲಿ 216 ಅಂತ ಬರೆಸಿ ಸಹಿ ಹಾಕಿದೆ.

ಈ ನಾಲ್ಕು ದಿನದಲ್ಲಿ ಕಾರು ಚೆನ್ನಾಗಿ ಓಡುತ್ತಿದೆ. ಯಾವ ಸದ್ದೂ ಇಲ್ಲ. ಬ್ಲೂಟೂತ್ ಪಟ್ಟಿಯಲ್ಲಿದ್ದ ಆ ಫೋನನ್ನು ಅಳಿಸಿ ನನ್ನದನ್ನು ಸೇರಿಸಿದ್ದೇನೆ. ಟ್ರಿಪ್ ಎ ಸೊನ್ನೆ ಮಾಡಿ ಪೆಟ್ರೋಲ್ ಲೆಕ್ಕ ಶುರು ಮಾಡಿದ್ದೇನೆ. ಟ್ರಿಪ್ ಬಿ ಮಾತ್ರ ಮುಟ್ಟಿಲ್ಲ. ಅದು ಆ ಚಾಲಕ ಬಿಟ್ಟ ಲೆಕ್ಕದ ಮೇಲೆಯೇ ಕೂಡಿಸುತ್ತಾ ಹೋಗುತ್ತಿದೆ. ಅವನ 54ರ ಸರಾಸರಿ ನನ್ನ ಊರೊಳಗಿನ ಓಡಾಟಕ್ಕೆ ನಿನ್ನೆ ಸಂಜೆ 41ಕ್ಕೆ ಇಳಿದಿದೆ.